ಖಾದರ್ ಸಾಬರ ಇಂಜಿನ್ನಿಗೆ ಒಂದು ಕಂಬಳಿ

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನಾನು ಓದು ನಿಲ್ಲಿಸಿದೆ. ಆರನೇ ಕ್ಲಾಸು ಪಾಸಾಗಿತ್ತು, ಏಳಕ್ಕೆ ಹೋಗಲಿಲ್ಲ. ಮನೆಯವರು ಬಿಡಿಸಿದರು ಅಂತ ಯಾರಾದರೂ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬಿಡಿಸಲಿಲ್ಲ, ನಾನೇ ಬಿಟ್ಟೆ. ಚಿಕ್ಕಪ್ಪ ಪಾಲು ತೆಗೆದುಕೊಂಡು ಬೇರೆಯಾಗಿದ್ದ. ಉಳಿದ ಕುರಿಗಳನ್ನು ಅಪ್ಪ ಒಬ್ಬನೇ ಹೊಡೆದುಕೊಂಡು ದೂರ ಹೋಗಲಾರ ಅನ್ನುವುದು ನನಗೇ ಕಾಣುತ್ತಿತ್ತು. ಹೆಗಲಿಗೆ ಕಂಬಳಿ, ಕೈಗೆ ಕೋಲು ಬಂದ ದಿನ ಮಗ್ಗಿ ಪುಸ್ತಕವನ್ನು ತಂಗಿಗೆ ಕೊಟ್ಟು ಹೊರಟವನು ನಾನು.

ಆ ಕಾಲದಲ್ಲಿ ಶಿಕಾರಿಪುರ ಸೀಮೆಯ ಕುರಿಯವರಿಗೆ ವರ್ಷವೆಂದರೆ ಎರಡೇ ತುಂಡು. ಮಳೆ ಹಿಡಿದಾಗ ಊರು, ಮಗ್ಗ, ಕಂಬಳಿ. ಭತ್ತ ಕೊಯ್ದು ಗದ್ದೆ ಬಯಲಾಯಿತೆಂದರೆ ಪಡುವಣದ ದಾರಿ. ಬಳ್ಳಿಗಾವಿಯ ಹತ್ತಿರ ಕುರಿಗೆ ನೀರು ಕುಡಿಸಿ, ಶಿರಾಳಕೊಪ್ಪದ ಸಂತೆಯಲ್ಲಿ ಉಪ್ಪು, ಮೆಣಸಿನಕಾಯಿ, ಹೊಗೆಸೊಪ್ಪು ಕಟ್ಟಿಸಿಕೊಂಡು ಸೊರಬದ ಸೀಮೆ ಹೊಕ್ಕರೆ, ಗದ್ದೆಯವರು ದಾರಿಯಲ್ಲೇ ನಿಂತು ಕರೆಯುತ್ತಿದ್ದರು. ‘ನಮ್ಮ ಗದ್ದೇಲೂ ಎರಡು ರಾತ್ರಿ ಮಂದೆ ನಿಲ್ಸಿ ಮಾರಾಯ್ರೆ.’ ಕುರಿ ಮಲಗಿದ ನೆಲಕ್ಕೆ ಬೇರೆ ಗೊಬ್ಬರ ಬೇಡ. ನಮಗೆ ಅಕ್ಕಿ, ಬೆಲ್ಲ, ಒಮ್ಮೊಮ್ಮೆ ಹಳೇ ಪಂಚೆ. ಬೆಳಗಿನ ಮಂಜಿನಲ್ಲಿ ಕುರಿ ಹಿಕ್ಕೆಯ ವಾಸನೆ, ಒಣ ಹುಲ್ಲಿನ ವಾಸನೆ, ಅಜ್ಜಿ ಮೂರು ಕಲ್ಲಿನ ಒಲೆಯಲ್ಲಿ ಸುಡುತ್ತಿದ್ದ ಜೋಳದ ರೊಟ್ಟಿಯ ವಾಸನೆ ಒಂದಾಗಿ ಬರುತ್ತಿತ್ತು. ಆ ವಾಸನೆ ಬಂದರೆ ಸಾಕು, ಶಾಲೆ ಬಿಟ್ಟದ್ದು ಮರೆತುಹೋಗುತ್ತಿತ್ತು.

ಆ ವರ್ಷ ಗದ್ದೆಯಿಂದ ಗದ್ದೆಗೆ ಸರಿಯುತ್ತಾ ಸೊರಬವನ್ನೂ ದಾಟಿ ತಾಳಗುಪ್ಪದವರೆಗೆ ಹೋದೆವು. ಅಪ್ಪ, ನಾನು, ಅಡಿಗೆಗೆ ಅಜ್ಜಿ ಮಾಳಮ್ಮ. ತಾಳಗುಪ್ಪದಲ್ಲಿ ರೈಲು ಮುಗಿಯುತ್ತದೆ. ಶಿವಮೊಗ್ಗದಿಂದ ಕಾಡು ಗುಡ್ಡ ಹಾದು ಬಂದ ಹಳಿ ಅಲ್ಲಿ ಇನ್ನು ಸಾಕು ಅಂತ ನಿಂತುಬಿಟ್ಟಿತ್ತು. ನಮ್ಮ ಶಿಕಾರಿಪುರಕ್ಕೂ ಇಲ್ಲ, ಸೊರಬಕ್ಕೂ ಇಲ್ಲ ರೈಲು. ಹಳಿ ಅನ್ನುವುದನ್ನು ನಾನು ಕಣ್ಣಾರೆ ಕಂಡದ್ದೇ ಅಲ್ಲಿ. ಹಳಿಗೆ ಕಿವಿಯಿಟ್ಟು ಮಲಗಿದರೆ ಗಾಡಿ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಒಳಗಿನಿಂದ ಜುಮ್ ಅನ್ನುವುದು ಕೇಳುತ್ತಿತ್ತು. ಅದು ನಮ್ಮ ಆಟ. ನಾವು ಮಂದೆ ನಿಲ್ಲಿಸಿದ್ದ ಗದ್ದೆಯ ನಾಯ್ಕರ ಮಕ್ಕಳು ಮೊದಲು ಹೇಳಿದವರು ಗೆದ್ದರು ಅನ್ನುತ್ತಿದ್ದರು. ಬಯಲಿನಲ್ಲಿ ಕುರಿಗೆ ಕಿವಿ ಕೊಟ್ಟು ಬೆಳೆದ ನನಗೆ ಅವರು ಸರಿಸಾಟಿಯೇ ಅಲ್ಲ.

ಎರಡನೇ ದಿನವೇ ಯಡವಟ್ಟಾಯಿತು. ಮಂದೆಯ ಮುಂದಾಳು ಟಗರು ಹಳಿಯ ಮಧ್ಯೆ ನಿಂತು ಹಸಿರು ಮೇಯತೊಡಗಿತು. ಅದು ಸರಿಯದೆ ಉಳಿದವು ಸರಿಯುವುದಿಲ್ಲ. ಗಾಡಿ ಸೀಟಿ ಮೇಲೆ ಸೀಟಿ ಹಾಕುತ್ತಾ ನಿಧಾನವಾಗಿ ಬಂದು ಮಾರು ದೂರದಲ್ಲಿ ಬುಸ್ ಅಂತ ನಿಂತಿತು. ಆನೆಯಂಥ ಕಪ್ಪು ಇಂಜಿನ್ನು. ಪಕ್ಕೆಯಿಂದ ಬಿಳಿ ಉಗಿ, ತಲೆಯಿಂದ ಹೊಗೆ, ಹೊಟ್ಟೆಯೊಳಗೆ ಬೆಂಕಿ. ಮೇಲಿನಿಂದ ಒಬ್ಬರು ಇಳಿದು ಬಂದರು. ಬಿಳಿ ಗಡ್ಡ, ಮಸಿ ಮೆತ್ತಿದ ನೀಲಿ ಕೋಟು.

‘ಏನ್ರೀ ಯಜಮಾನ್ರೆ, ರೈಲಿಗೂ ಮಂದೆ ಹಾಕ್ತೀರಾ? ನಾನೇನು ಗೊಬ್ಬರ ಕೇಳಿದ್ನಾ?’

‘ತಪ್ಪಾತ್ರೀ, ತಪ್ಪಾತು’ ಅಂತ ಅಪ್ಪ ಕೈ ಮುಗಿದುಕೊಂಡು ಟಗರಿನ ಕೊಂಬು ಹಿಡಿದು ಎಳೆಯತೊಡಗಿದ. ಅಜ್ಜಿ ಮಾತ್ರ ಉಣ್ಣೆ ನೂಲುವ ಕದಿರು ತಿರುಗಿಸುತ್ತಾ ನಿಂತಲ್ಲಿಂದಲೇ ಅಂದಳು, ‘ಅವು ನಿಮಗಿಂತ ಮೊದಲ ಬಂದಾವ. ಚೂರು ತಡೀರಿ, ಹೊಕ್ಕಾವ.’

ಅವರು ಅಜ್ಜಿಯನ್ನು ನೋಡಿದರು, ನಕ್ಕರು. ‘ಆಯ್ತಮ್ಮ. ಮಹಾರಾಜರ ಕಾಲದಿಂದ ಓಡ್ತಿರೋ ಗಾಡಿ, ಇನ್ನೊಂದು ಗಳಿಗೆ ನಿಂತ್ರೆ ಏನ್ ಹೋಯ್ತು.’

ಅವರೇ ಖಾದರ್ ಸಾಬರು. ಗಾಡಿ ಬೆಳಿಗ್ಗೆ ಬಂದರೆ ತಿರುಗಿ ಹೊರಡಲು ತಾಸುಗಟ್ಟಲೆ ಇರುತ್ತಿತ್ತು. ಇಂಜಿನ್ನಿಗೆ ನೀರು ಹಿಡಿದು, ಬೂದಿ ತೆಗೆಸಿ, ಕೆಲಸವೆಲ್ಲ ಮುಗಿದ ಮೇಲೆ ಅವರು ನಮ್ಮ ಹಟ್ಟಿಯ ಕಡೆ ಬರುವುದನ್ನು ರೂಢಿ ಮಾಡಿಕೊಂಡರು. ಕುರಿ ಮೊಸರು ಹಾಕಿದ ರೊಟ್ಟಿ ಅವರಿಗೆ ಬಲು ಇಷ್ಟ. ಹೊಸದಾಗಿ ಮರಿ ಹಾಕಿದ ಕುರಿಯ ಗಿಣ್ಣು ಇದ್ದ ದಿನ, ಅಜ್ಜಿ ಅವರ ಪಾಲು ತೆಗೆದಿಟ್ಟ ಮೇಲೆಯೇ ನಮಗೆ ಬಡಿಸುತ್ತಿದ್ದಳು.

ಒಂದು ದಿನ ಸಾಬರು ಒಲೆಯ ಕೆಂಡದಲ್ಲಿ ಬೀಡಿ ಹಚ್ಚಿಕೊಳ್ಳಲು ಹೋಗಿ ಕೆಂಡ ಜಾರಿ ನನ್ನ ಕಂಬಳಿಯ ಮೇಲೆ ಬಿತ್ತು. ಅವರು ಅಯ್ಯೋ ಅಂತ ಹಾರಿದರು. ನಾನು ಕೊಡವಿ ಹಾಕಿದೆ. ಕೂದಲು ಸುಟ್ಟ ವಾಸನೆ ಬಂತು, ಅಷ್ಟೇ. ಸಾಬರು ಕಂಬಳಿ ತಿರುಗಿಸಿ ನೋಡಿದರು, ಮೂಸಿ ನೋಡಿದರು. ‘ಹತ್ಕೊಳ್ಳೋದೇ ಇಲ್ವಾ ಇದು?’

‘ಕುರಿ ಕೂದಲ ಸಾಬ್ರೆ. ಕಮರತೈತಿ, ಉರಿಯಂಗಿಲ್ಲ’ ಅಂದಳು ಅಜ್ಜಿ.

ಸಾಬರು ತಮ್ಮ ಕೋಟು ಬಿಚ್ಚಿ ಬಿಸಿಲಿಗೆ ಹಿಡಿದರು. ಎದೆ, ತೋಳು, ಬೆನ್ನು ಎಲ್ಲ ಕಿಡಿ ಬಿದ್ದ ತೂತು. ‘ನೋಡಿ ಅಜ್ಜಿ, ಜರಡಿ. ಮಳೆಗಾಲದಲ್ಲಿ ಬೆನ್ನಿಗೆ ನೀರು, ಎದೆಗೆ ಬೆಂಕಿ. ನನಗೊಂದು ಕಂಬಳಿ ಮಾಡಿಸ್ಕೊಡಿ. ಏನು ಬೆಲೆ ಅಂತೀರಿ?’

ಅಜ್ಜಿ ನನ್ನ ಮುಖ ನೋಡಿದಳು. ನಾನು ದಿನವೂ ಆ ಇಂಜಿನ್ನಿನ ಮೆಟ್ಟಿಲ ಬಳಿ ಬಾಯಿ ತೆರೆದು ನಿಲ್ಲುತ್ತಿದ್ದದ್ದು ಅವಳಿಗೆ ಗೊತ್ತು. ಶಾಲೆ ಬಿಟ್ಟ ದಿನದಿಂದ ನಾನು ಏನನ್ನೂ ಕೇಳಿರಲಿಲ್ಲ ಅನ್ನುವುದೂ ಗೊತ್ತು. ‘ರೊಕ್ಕ ಬ್ಯಾಡ. ಈ ಹುಡುಗನ್ನ ನಿಮ್ಮ ಇಂಜಿನ್ನಾಗ ಕುಂದ್ರಿಸ್ಕೊಂಡು ಒಂದು ಸಲ ಓಡಸ್ರಿ. ಅಷ್ಟ ಬೆಲೆ.’

‘ಇಷ್ಟೇನಾ!’ ಸಾಬರು ಎದ್ದೇ ಬಿಟ್ಟರು. ‘ಈಗ್ಲೇ ಬಾರೋ ಮರಿ. ಇಂಜಿನ್ನು ಗಾಡಿಯ ಆ ತುದಿಗೆ ಹೋಗಿ ಸೇರ್ಬೇಕು. ಹತ್ಕೋ, ಹೋಗ್ಬರೋಣ.’

ನಾನು ಎರಡು ಹೆಜ್ಜೆ ಇಟ್ಟಿದ್ದೆ. ಅಜ್ಜಿ ಕದಿರನ್ನು ನಿಲ್ಲಿಸಿ, ‘ನಿಲ್ಲೋ ಬೀರ್ಯಾ’ ಅಂದಳು. ‘ಕಂಬಳಿ ಇನ್ನಾ ಕುರಿ ಮೈಮ್ಯಾಗ ಐತಿ. ಕೊಡದ ತಗಣೋ ಮಂದಿ ಅಲ್ಲ ನಾವು. ಕಂಬಳಿ ಅವರ ಹೆಗಲ ಮ್ಯಾಗ ಬಿದ್ದ ದಿನ ನೀ ಇಂಜಿನ್ ಹತ್ತು.’

ಸಾಬರು ಎಷ್ಟು ಹೇಳಿದರೂ ಕೇಳಲಿಲ್ಲ. ನನಗೂ ಆ ಮಾತು ಸರಿ ಅನ್ನಿಸಿತು. ದುಡಿದು ಉಣ್ಣುವವರ ಮನೆ ನಮ್ಮದು, ಮುಂಗಡ ತಿಂದು ಗೊತ್ತಿಲ್ಲ. ಎದೆಯುಬ್ಬಿಸಿ ತಿರುಗಿ ಬಂದು ಕುರಿಗಳ ಮಧ್ಯೆ ನಿಂತೆ. ಆದರೆ ಅವತ್ತಿನಿಂದ ನನ್ನ ಜೀವವೆಲ್ಲ ಆ ಕಂಬಳಿಯ ಮೇಲೆ.

ಸಂಕ್ರಾಂತಿ ಕಳೆದ ಮೇಲೆ ಕುರಿಗಳ ಮೈ ತೊಳೆದು ಉಣ್ಣೆ ಕತ್ತರಿಸಿದೆವು. ಬೇರೆ ಬಣ್ಣ ಬೆರೆಯದ ಕರಿಯ ಉಣ್ಣೆಯನ್ನು ನಾನೇ ಆರಿಸಿ ಅಜ್ಜಿಗೆ ಕೊಟ್ಟೆ. ಅವಳು ನೂಲುತ್ತಾ ಕೂತರೆ ಸಾಬರು ಎದುರಿಗೆ ಕೂತು ರೈಲಿನ ಕಥೆ ಹೇಳುತ್ತಿದ್ದರು. ಅವರ ಅಪ್ಪನೂ ಇಂಜಿನ್ನಿನ ಮೇಲೇ ಬಾಳಿದವರಂತೆ. ಆಗ ರೈಲು ಮೈಸೂರು ಸಂಸ್ಥಾನದ್ದು. ಹಳಿ, ಡಬ್ಬಿ, ಇಂಜಿನ್ನು, ಕೊನೆಗೆ ಸ್ಟೇಷನ್ನಿನ ಗಂಟೆ ಕೂಡ ಮಹಾರಾಜರ ಸರ್ಕಾರದ್ದು. ಈ ತಾಳಗುಪ್ಪದ ಹಳಿಯೂ ಆ ಕಾಲದ್ದೇ. ಜೋಗದ ಕರೆಂಟಿನ ಕೆಲಸಕ್ಕೆ ಸಾಮಾನೆಲ್ಲ ಇದರ ಮೇಲೇ ಬಂತು ಅನ್ನುತ್ತಿದ್ದರು. ಆಮೇಲೆ ಸಂಸ್ಥಾನ ಹೋಯಿತು, ರೈಲು ದೇಶದ್ದಾಯಿತು.

‘ನಮ್ಮಪ್ಪ ಓಡಿಸಿದ್ದು ವಿಲಾಯ್ತಿ ಇಂಜಿನ್ನು. ಹಡಗಿನಲ್ಲಿ ಬರ್ತಿತ್ತು. ನಾನು ಓಡ್ಸೋದು ನಮ್ಮ ದೇಶದಲ್ಲೇ ಮಾಡಿದ್ದು. ಸರ್ಕಾರದ್ದು.’

‘ಸರ್ಕಾರದ್ದು ಅಂದ್ರ ಯಾರ್ದು ಸಾಬ್ರೆ?’

‘ಎಲ್ಲರದೂ ಅಜ್ಜಿ. ನಿಮ್ದೂ ಪಾಲಿದೆ.’

‘ಹಂಗಾದ್ರ ನಮ್ಮ ಪಾಲಿನ ಗಾಲಿ ಯಾವ್ದು ತೋರಸ್ರಿ.’

ಸಾಬರು ತಮಾಷೆಗೆ ಮುಂದಿನ ದೊಡ್ಡ ಗಾಲಿ ತೋರಿಸಿದರು. ಅಜ್ಜಿಗೆ ಅದು ತಮಾಷೆಯಲ್ಲ. ಮರುದಿನ ಬೆಳಿಗ್ಗೆ ಸೆರಗಿನ ಗಂಟಿನಿಂದ ಭಂಡಾರ ತೆಗೆದು, ಎಣ್ಣೆ ಮೆತ್ತಿದ ಆ ಗಾಲಿಗೆ ಮೂರು ಬೆರಳು ಅರಿಶಿನ ಬಳಿದು ಬಂದಳು. ಫೈರ್‌ಮನ್ ನಗುತ್ತಾ, ‘ಏನಜ್ಜಿ, ಇದನ್ನೂ ನಿಮ್ಮ ಮಂದೆಗೆ ಸೇರಿಸ್ಕೊಂಡ್ರಾ?’ ಅಂದ. ‘ಮತ್ತೇನು. ಗುರುತು ಹಾಕಿದ್ರ ತಪ್ಪಿಸ್ಕೊಳ್ಳಲ್ಲ’ ಅಂದಳು.

ಯುಗಾದಿಯ ಹೊತ್ತಿಗೆ ಊರಿಗೆ ಮರಳಿದೆವು. ಮಳೆ ಹಿಡಿದ ಮೇಲೆ ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ. ಹುಣಸೆ ಬೀಜ ಹುರಿದು, ಕುಟ್ಟಿ, ಕುದಿಸಿದ ಅಂಟನ್ನು ಹಾಸಿನ ನೂಲಿಗೆ ಉಜ್ಜುವ ಕೆಲಸ ನನ್ನದು. ಮನೆಯೆಲ್ಲ ಹುಳಿ ವಾಸನೆ. ಬೇರೆ ಕಂಬಳಿಗೆ ಅವಸರ ಮಾಡುತ್ತಿದ್ದ ಅಪ್ಪ ಇದನ್ನು ಮಾತ್ರ ಬಿಗಿಯಾಗಿ, ನೀರು ಇಳಿಯದಂತೆ ನೇಯ್ದ. ಶ್ರಾವಣದಲ್ಲಿ ಕಂಬಳಿ ಮಗ್ಗದಿಂದ ಇಳಿಯಿತು.

ಗಣಪತಿ ಹಬ್ಬ ಮುಗಿದ ವಾರ ಶಿರಾಳಕೊಪ್ಪದ ಸಂತೆಯಲ್ಲಿ ಅಪ್ಪನಿಗೆ ಗದ್ದೆ ನಾಯ್ಕರು ಸಿಕ್ಕರು. ನಾನೂ ಇದ್ದೆ. ‘ಸಾಬ್ರು ಕೇಳ್ತಿದ್ರು ಮಾರಾಯ, ಕಂಬಳಿ ಎಲ್ಲಿಗೆ ಬಂತು ಅಂತ. ಉಗಿ ಇಂಜಿನ್ನು ತೆಗೀತಾರಂತೆ. ಡೀಸೆಲ್ಲಿಂದು ಬರ್ತದಂತೆ. ಕೊಡೋದಾದ್ರೆ ಬೇಗ ತಂದ್ಕೊಡಿ ಅಂದ್ರು.’

ಮನೆಗೆ ಬಂದವನೇ ನಾನು ಕಂಬಳಿ ಮಡಚಿ ಚೀಲಕ್ಕೆ ಹಾಕಿದೆ. ಅಜ್ಜಿ ಅದನ್ನು ತೆಗೆದು ಮತ್ತೆ ಗೂಟಕ್ಕೆ ಹಾಕಿದಳು.

‘ಗದ್ದುಗಿ ಆಗಿಲ್ಲ.’

ನಮ್ಮ ಮನೆಯ ಪದ್ಧತಿ ಹೇಳಬೇಕು. ದೀಪಾವಳಿಯ ದಿನ ಹಟ್ಟಿಯಲ್ಲಿ ಕುರಿ ಪೂಜೆ. ಆಗ ಹೊಸ ಕಂಬಳಿ ಹಾಸಿ, ಅದರ ಮೇಲೆ ದೇವರನ್ನು ಕೂರಿಸಿ ಭಂಡಾರ ಹಾಕುತ್ತೇವೆ. ಅದೇ ಗದ್ದುಗೆ. ಸಂತೆಗೆ ಹೋಗುವ ಕಂಬಳಿಗೆ ಅದೆಲ್ಲ ಇಲ್ಲ, ಮಗ್ಗದಿಂದ ಇಳಿದು ಸೀದಾ ಗಾಡಿಗೆ. ಆದರೆ ಹಣ ತೆಗೆದುಕೊಳ್ಳದೆ ಒಬ್ಬರಿಗೆ ಕೊಡುವ ಕಂಬಳಿ ಮೊದಲು ದೇವರ ಕೆಳಗೆ ಹಾಸಿ ಏಳಬೇಕು.

ಅಪ್ಪ ಅಂದ, ‘ಅವ್ವಾ, ಅವರು ಸಾಬ್ರು. ಅವರಿಗೆ ನಮ್ಮ ಗದ್ದುಗಿ ತಗಂಡು ಏನಾಗ್ಬೇಕು?’

‘ಅವರಿಗೇನಾಗ್ಬೇಕೋ ನಾ ಕಾಣೆ. ಕೊಡೋರು ನಾವು. ಮಾರೋ ಕಂಬಳಿ ಬ್ಯಾರೆ, ಕೊಡೋ ಕಂಬಳಿ ಬ್ಯಾರೆ. ಬೆಂಕಿ ಮುಂದ ನಿಲ್ಲೋ ಮನಿಷಾ ಅವ್ನು. ಬರೇ ಉಣ್ಣಿ ಹೊದ್ದಿಸಿ ಕಳಿಸ್ಲಾ?’

‘ಅಷ್ಟರಾಗ ಇಂಜಿನ್ನ ಹೋತು ಅಂದ್ರ?’

‘ಅಷ್ಟು ದೊಡ್ಡದು ಎಲ್ಲಿಗೆ ಹೊಕ್ಕೈತೋ? ಮಹಾರಾಜ ಹೋದ್ರೂ ಅದು ಹೋಗಿಲ್ಲ. ದೀಪಾವಳಿ ಇಲ್ಲೇ ಬಂತು.’

ನಾನು ಅವತ್ತು ಊಟ ಮಾಡಲಿಲ್ಲ. ಅಜ್ಜಿ ಎರಡು ಸಲ ಕರೆದಳು. ಮೂರನೇ ಸಲ ಕರೆಯಲಿಲ್ಲ, ತಾನೂ ಉಣ್ಣದೆ ಮಲಗಿದಳು. ಅವಳ ಜೊತೆ ಸಿಟ್ಟು ಮಾಡುವುದು ಬಂಡೆಗೆ ತಲೆ ಕೊಟ್ಟ ಹಾಗೆ.

ದೀಪಾವಳಿಯ ಮರುದಿನ ನಸುಕಿಗೇ ಅಜ್ಜಿ ಮತ್ತು ನಾನು ಬಸ್ಸು ಹತ್ತಿದೆವು. ಶಿರಾಳಕೊಪ್ಪದಲ್ಲೊಂದು ಬಸ್ಸು, ಸೊರಬದಲ್ಲೊಂದು ಬಸ್ಸು. ಕಂಬಳಿ ನನ್ನ ತೊಡೆಯ ಮೇಲೆ, ಅರಿಶಿನದ ವಾಸನೆ ಹೊಡೆಯುತ್ತಾ. ತಾಳಗುಪ್ಪದ ಸ್ಟೇಷನ್ನಿನ ಹಿಂದೆ ಇಳಿದಾಗ ಎಲ್ಲಿಯೂ ಹೊಗೆ ಕಾಣಲಿಲ್ಲ. ಗಾಡಿ ನಿಂತಿತ್ತು. ಮುಂದೆ ಪೆಟ್ಟಿಗೆಯಂಥದ್ದೊಂದು ಇಂಜಿನ್ನು ಒಂದೇ ಸಮ ಗುರ್ ಅನ್ನುತ್ತಿತ್ತು. ಕಿಟಕಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯ ಹುಡುಗ ಪ್ರಾಯದ ಡ್ರೈವರು.

‘ಖಾದರ್ ಸಾಬ್ರಾ? ಅವರ ಇಂಜಿನ್ನು ತೆಗೆದು ಆಗಲೇ ದಿನ ಆಯ್ತಲ್ಲಜ್ಜಿ. ಅವರು ಶಿವಮೊಗ್ಗದಲ್ಲೇ ಇದ್ದಾರೆ. ಇಷ್ಟರಲ್ಲೇ ರಿಟೈರು.’

ಅಜ್ಜಿ ಸೊಂಟದ ಚೀಲ ಬಿಚ್ಚಿ ಎರಡು ಟಿಕೀಟು ತೆಗೆಸಿದಳು. ನನ್ನ ಮೊದಲನೇ ರೈಲು ಪ್ರಯಾಣ ಅದು, ಇಂಜಿನ್ನಿನ ಮೇಲಲ್ಲ, ಮೂರನೇ ಡಬ್ಬಿಯಲ್ಲಿ. ಕಾಡು, ಗುಡ್ಡ, ಸಾಗರ, ಆನಂದಪುರ ಎಲ್ಲ ಕಿಟಕಿಯಲ್ಲಿ ಹಾದುಹೋದವು. ಕಣ್ಣಿಗೆ ಕಲ್ಲಿದ್ದಲಿನ ಒಂದು ಹರಳೂ ಹಾರಿ ಬೀಳಲಿಲ್ಲ. ‘ಇದಕ್ಕ ಉಸಿರ ಇಲ್ಲಲ್ಲೋ’ ಅಂದಳು ಅಜ್ಜಿ.

ಶಿವಮೊಗ್ಗ ಸ್ಟೇಷನ್ನಿನ ಹಿಂದಿನ ಸಾಲುಮನೆಗಳಲ್ಲಿ ಸಾಬರು ಸಿಕ್ಕರು. ಕೋಟು ಇರಲಿಲ್ಲ, ಲುಂಗಿ ಬನಿಯನ್ನಿನಲ್ಲಿ ಸಣ್ಣಗೆ ಕಂಡರು. ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಅಜ್ಜಿ ಕಂಬಳಿ ಬಿಚ್ಚಿ ತನ್ನ ಕೈಯಾರೆ ಅವರ ಹೆಗಲಿಗೆ ಹೊದಿಸಿದಳು. ಅವರು ಅಂಚು ಸವರಿದರು, ಮೂಸಿದರು. ‘ಅರಿಶಿನ?’

‘ನಮ್ಮ ದೇವ್ರು ಕುಂತೆದ್ದಾನ. ಬ್ಯಾಡ ಅಂದ್ರ ಒಗ್ಯಾಕ ಬರತೈತಿ.’

‘ಒಗೆಯೋದು ಯಾಕಜ್ಜಿ. ಬಾಯ್ಲರ್ ಮುಂದೆ ಮೂವತ್ತು ವರ್ಷಕ್ಕೂ ಮೇಲೆ ನಿಂತೆ. ಯಾವ ದೇವರು ಕಾದ್ನೋ ನನಗೇನು ಗೊತ್ತು.’ ಆಮೇಲೆ ನನ್ನ ಕಡೆ ತಿರುಗಿದರು. ‘ನಿನಗೆ ಕೊಡೋಕೆ ನನ್ನ ಹತ್ರ ಇಂಜಿನ್ನೇ ಇಲ್ವಲ್ಲೋ ಮರಿ.’

ಅವರು ಒಳಗೆ ಹೋಗಿ ಅಂಗಿ ತೊಟ್ಟು ಬಂದರು. ಕಂಬಳಿ ಹೆಗಲಲ್ಲೇ ಇತ್ತು. ನಮ್ಮನ್ನು ಶೆಡ್ಡಿನ ಕಡೆ ಕರೆದುಕೊಂಡು ಹೋದರು. ಅಲ್ಲಿ ಕಾವಲಿನವ ಎದ್ದು ನಿಂತು ಸಲಾಮು ಮಾಡಿದ. ಗೋಡೆಯ ಪಕ್ಕದ ಹಳಿಯಲ್ಲಿ ಅವರ ಇಂಜಿನ್ನು ನಿಂತಿತ್ತು. ಗಾಲಿಯ ನಡುವೆ ಹುಲ್ಲು ಹುಟ್ಟಿತ್ತು. ಅಜ್ಜಿ ಬಗ್ಗಿ ಮುಂದಿನ ಗಾಲಿಯನ್ನು ಹತ್ತಿರದಿಂದ ನೋಡಿದಳು. ತುಕ್ಕು ಬಿಟ್ಟರೆ ಏನೂ ಇರಲಿಲ್ಲ.

ಸಾಬರು ಮೊದಲು ಹತ್ತಿ ಕೈ ಕೊಟ್ಟು ನನ್ನನ್ನು ಮೇಲಕ್ಕೆ ಎಳೆದುಕೊಂಡರು. ಒಳಗೆ ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಅವರು ಹೆಗಲ ಮೇಲಿನ ಕಂಬಳಿ ತೆಗೆದು ಮರದ ಸೀಟಿನ ಮೇಲೆ ಮಡಚಿ ಹಾಸಿ, ‘ಕೂತ್ಕೋ’ ಅಂದರು. ಕೂತೆ. ಆಮೇಲೆ ಅವರು ಹೇಳಿಕೊಡಲು ಶುರುಮಾಡಿದರು. ಬೆಂಕಿಗಿಂತ ಮೊದಲು ನೀರು ನೋಡಬೇಕು, ಗಾಜಿನ ಕೊಳವೆಯಲ್ಲಿ. ಕಲ್ಲಿದ್ದಲನ್ನು ನಡುವೆ ತೆಳ್ಳಗೆ, ಅಂಚಿಗೆ ದಪ್ಪಗೆ ಎರಚಬೇಕು. ಮುಂದಕ್ಕೋ ಹಿಂದಕ್ಕೋ ಅನ್ನುವುದಕ್ಕೆ ಈ ಚಕ್ರ. ಉಗಿ ಬಿಡುವುದಕ್ಕೆ ಈ ಹಿಡಿ, ಆದರೆ ಒಮ್ಮೆಲೇ ಎಳೆಯಬಾರದು, ಎತ್ತಿನ ಹಗ್ಗ ಎಳೆದ ಹಾಗೆ ಕೇಳಿ ಕೇಳಿ ಎಳೆಯಬೇಕು. ನನ್ನ ಕೈ ಹಿಡಿದು ಒಂದೊಂದರ ಮೇಲೂ ಇಟ್ಟು ತೋರಿಸಿದರು. ಒಂದು ಬಾರಿ ಅಲ್ಲ, ಬಾಯಿಪಾಠ ಆಗುವ ತನಕ. ನಾನು ತಪ್ಪಿದರೆ, ‘ಬಾಯ್ಲರ್ ಒಡೀತು, ಇಳಿ ಕೆಳಗೆ’ ಅಂತ ಬಯ್ದರು. ಯಾವ ಮೇಷ್ಟರೂ ನನಗೆ ಅಷ್ಟು ಮನಸ್ಸಿಟ್ಟು ಕಲಿಸಿದವರಲ್ಲ.

ಕೊನೆಗೆ, ‘ಈಗ ಓಡಿಸು’ ಅಂದರು.

ನೀರು ನೋಡಿದೆ. ಚಕ್ರ ತಿರುಗಿಸಿದೆ. ಹಿಡಿಯನ್ನು ಮೆಲ್ಲಗೆ ಎಳೆದೆ. ಎಲ್ಲ ಸರಿಯಾಗಿತ್ತು. ಕೆಳಗಿನ ಹುಲ್ಲು ಕೂಡ ಅಲ್ಲಾಡಲಿಲ್ಲ. ಸಾಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಮುಂದೆ ನಿಜವಾಗಿಯೂ ದಾರಿ ಇದೆಯೇ ಎಂಬಂತೆ ಬಹಳ ಹೊತ್ತು ನೋಡುತ್ತಲೇ ಇದ್ದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

‘ಒಳ್ಳೇ ಕೈ ನಿಂದು’ ಅಂದರು ಇಳಿಯುವಾಗ. ‘ಒಂದು ವರ್ಷ ಮುಂಚೆ ಹತ್ತಿದ್ರೆ ಸಾಗರದ ಏರಿನಲ್ಲಿ ನಿನ್ನ ಕೈಯಲ್ಲೇ ಬಿಡ್ತಿದ್ದೆ.’

ಅಜ್ಜಿ ಕೆಳಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸಾಬರ ಮನೆಯಲ್ಲಿ ಚಹಾ ಕುಡಿದಳು, ಅವರ ಹೆಂಡತಿ ಕೊಟ್ಟ ಬಳೆ ಹಾಕಿಸಿಕೊಂಡಳು, ನಕ್ಕಳು ಕೂಡ. ತಿರುಗಿ ಬರುವಾಗ ಶಿಕಾರಿಪುರದ ಬಸ್ಸಿನಲ್ಲಿ, ಊರು ಹತ್ತಿರವಾದ ಮೇಲೆ, ಮುಖ ಕಿಟಕಿಯ ಕಡೆ ಇಟ್ಟುಕೊಂಡೇ ಅಂದಳು, ‘ಬೀರ್ಯಾ, ಅವತ್ತ ಹತ್ತು ಅಂದಾಗ ಹತ್ತಿಸ್ಬೇಕಿತ್ತು ನಾನು. ಕೊಡೋದು ತಗಣೋದು ಅಂತ ಲೆಕ್ಕ ಹಾಕಿದೆ. ಹೊತ್ತು ನನ್ನ ಲೆಕ್ಕ ಕೇಳ್ಲಿಲ್ಲ.’

ಅವಳು ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇರಲಿ ಬಿಡಜ್ಜಿ ಅನ್ನಬೇಕಿತ್ತು. ಅನ್ನದೆ ಅವಳ ಕೈಯ ಚೀಲ ತೆಗೆದುಕೊಂಡು ಇಳಿಯಲು ಎದ್ದೆ.

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಶಿವಮೊಗ್ಗದ ಆಚೆ ಹಳಿ ಅಗಲವಾಯಿತು, ತಾಳಗುಪ್ಪದ ಸಣ್ಣ ಹಳಿ ತುಂಡಾಗಿ ಉಳಿಯಿತು. ಅದರ ಮೇಲೆ ಬಸ್ಸಿನಂಥದ್ದೊಂದು ಒಂಟಿ ಡಬ್ಬಿ ಕೆಲವು ಕಾಲ ಓಡಿತು. ಆಮೇಲೆ ಅದೂ ನಿಂತು, ಸಣ್ಣ ಹಳಿ ಕಿತ್ತು ದೊಡ್ಡದು ಹಾಕಿದರು. ಈಗ ಬೆಂಗಳೂರಿನಿಂದ ನೆಟ್ಟಗೆ ತಾಳಗುಪ್ಪಕ್ಕೆ ಗಾಡಿ. ಡೀಸೆಲ್ಲೂ ಹಳತಾಗಿ ಕರೆಂಟಿನ ಕಾಲ ಬಂತು ಅನ್ನುತ್ತಾರೆ. ನಮ್ಮ ಶಿಕಾರಿಪುರದ ಮೇಲೂ ರಾಣೆಬೆನ್ನೂರಿಗೆ ಹಳಿ ಬರಲಿದೆ, ಮಣ್ಣಿನ ಕೆಲಸ ನಡೆದಿದೆ. ಬರಲಿ, ಒಳ್ಳೆಯದು. ಗಾಡಿ ಬಂದ ದಿನ ನಾನೂ ಟಿಕೀಟು ತೆಗೆಸಿ ಕೂರುತ್ತೇನೆ. ಆದರೆ ಕುರಿಗಾಗಿ ನಿಂತು, ಇಳಿದು ಬಂದು, ರೊಟ್ಟಿ ತಿಂದು ಹೋಗುವ ಗಾಡಿ ಅದಲ್ಲ. ಪಡುವಣದ ಗದ್ದೆಯವರೂ ಈಗ ದಾರಿಯಲ್ಲಿ ನಿಂತು ಕರೆಯುವುದು ಕಡಿಮೆ, ಚೀಲದ ಗೊಬ್ಬರ ಮನೆ ಬಾಗಿಲಿಗೇ ಬರುತ್ತದೆ. ಅಪ್ಪನ ಕಾಲಕ್ಕೆ ನಮ್ಮ ಕೇರಿಯಲ್ಲಿ ಮಳೆಗಾಲವಿಡೀ ಮಗ್ಗದ ಸದ್ದು ಇರುತ್ತಿತ್ತು, ಈಗ ಮಳೆಯದೊಂದೇ ಸದ್ದು. ಆ ಇಂಜಿನ್ನನ್ನು ನಡೆಸುವ ವಿದ್ಯೆ ನನ್ನ ಕೈಗೆ ಇವತ್ತಿಗೂ ನೆನಪಿದೆ. ಕೇಳುವವರು ಯಾರೂ ಇಲ್ಲ.

ನಾನು ಯಾರ ಮುಂದೆಯೂ ಕೈ ಚಾಚದೆ ಬದುಕಿದವನು, ಈಗ ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಕುರಿ ಎಪ್ಪತ್ತೆರಡು. ಟಗರು ಮೂರು. ನಾಯಿ ಒಂದು. ಹೊಲ ಎರಡು ಎಕರೆ ಹದಿನಾರು ಗುಂಟೆ. ಮಕ್ಕಳು ಇಬ್ಬರು, ಇಬ್ಬರೂ ಏಳನೇ ಕ್ಲಾಸು ದಾಟಿದವರು. ಕಂಬಳಿ ಎರಡು, ಎರಡೂ ಪೇಟೆಯಲ್ಲಿ ಕೊಂಡವು. ಮಗ್ಗ ಇಲ್ಲ.